ಐದೂವರೆಯ ಕಾಫಿ: ಅಂಚೆ ಇಲಾಖೆಯ ಒಬ್ಬ ನೌಕರನ ಸಮಯದ ಲೆಕ್ಕ

ಸಮಯ ನಿರ್ವಹಣೆಯ ಬಗ್ಗೆ ಸ್ವಲ್ಪವಾದರೂ ಓದಿದವರಿಗೆ ಈ ಮಾತು ಎಲ್ಲೋ ಒಂದು ಕಡೆ ಸಿಕ್ಕಿರುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬ ಕಾದಂಬರಿಕಾರನಿದ್ದ, ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ, ಹಾಗೆ 47 ಕಾದಂಬರಿ ಮುಗಿಸಿದ ಅಂತ. ಆತನ ಹೆಸರು ಆಂಥನಿ ಟ್ರಾಲೊಪ್. ಹುಟ್ಟಿದ್ದು 1815ರಲ್ಲಿ, ತೀರಿಕೊಂಡದ್ದು 1882ರಲ್ಲಿ. ಬದುಕಿನ 33 ವರ್ಷ ಆತ ಬ್ರಿಟಿಷ್ ಅಂಚೆ ಇಲಾಖೆಯ ನೌಕರ.

ಈ ಮಾತು ಸುಳ್ಳಲ್ಲ. ಆದರೆ ಅಷ್ಟನ್ನೇ ಓದಿ, ಮರುದಿನ ಐದಕ್ಕೆ ಅಲಾರಾಂ ಇಟ್ಟುಕೊಂಡವರು ವಾರ ಕಳೆಯುವುದರೊಳಗೆ ಬಿಟ್ಟುಬಿಡುತ್ತಾರೆ. ಯಾಕೆಂದರೆ ಅದರಲ್ಲಿ ಕಾಫಿ ತಂದುಕೊಡುವ ಆಳು ಇಲ್ಲ, ಬರೆದದ್ದನ್ನು ಪ್ರತಿ ಮಾಡಿಕೊಡುವ ಹೆಂಡತಿ ಇಲ್ಲ, ನಾಲ್ಕು ಗಂಟೆಗೇ ಏಳುತ್ತಿದ್ದ ತಾಯಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಪ್ಪತ್ತಾರು ವರ್ಷದವರೆಗೆ ಈತ ಕೆಲಸಕ್ಕೆ ಬಾರದ ಸೋಮಾರಿ ಎನಿಸಿಕೊಂಡಿದ್ದ ಅನ್ನುವ ವಿಷಯವೂ ಇಲ್ಲ. ಈ ಪ್ರಕರಣದಲ್ಲಿ ನನಗೆ ಕುತೂಹಲ ಇರುವುದು ಅಲ್ಲೇ. ಅದೇ ಮನುಷ್ಯ, ಅದೇ ಇಲಾಖೆ. ಬದಲಾದದ್ದು ಏನು?

ಲಂಡನ್ನಿನ ಏಳು ವರ್ಷ

1834ರಲ್ಲಿ, 19ನೇ ವಯಸ್ಸಿನಲ್ಲಿ, ಟ್ರಾಲೊಪ್ ಲಂಡನ್ನಿನ ಜನರಲ್ ಪೋಸ್ಟ್ ಆಫೀಸಿಗೆ ಗುಮಾಸ್ತನಾಗಿ ಸೇರಿದ. ಸಂಬಳ ವರ್ಷಕ್ಕೆ 90 ಪೌಂಡ್. ಅದೇ ವರ್ಷ ಆತನ ಮನೆ ಒಡೆದುಹೋಗಿತ್ತು. ತಂದೆ ವಕೀಲಿಯಲ್ಲಿ ಸೋತು, ಬೇಸಾಯದಲ್ಲೂ ಸೋತು, ಸಾಲ ಕೊಟ್ಟವರಿಗೆ ಹೆದರಿ ಸಂಸಾರ ಸಮೇತ ಬೆಲ್ಜಿಯಂನ ಬ್ರೂಜ್‌ಗೆ ಓಡಿಹೋಗಿದ್ದ. ಹುಡುಗ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಒಂಟಿ.

ಕಚೇರಿಗೆ ತಡವಾಗಿ ಹೋಗುವುದು, ಮೇಲಧಿಕಾರಿಯ ಹತ್ತಿರ ಬೈಸಿಕೊಳ್ಳುವುದು, ಕೈಯಲ್ಲಿ ಕಾಸಿಲ್ಲದೆ ಸಾಲ ಮಾಡುವುದು. ಏಳು ವರ್ಷವೂ ಇದೇ ಕಥೆ. ಯಾವಾಗ ಕೆಲಸ ಹೋಗುತ್ತದೋ ಅನ್ನುವ ಸ್ಥಿತಿ. ದರ್ಜಿಗೆ ಕೊಡಬೇಕಿದ್ದ 12 ಪೌಂಡಿನ ಬಿಲ್ಲೊಂದು ಬಡ್ಡಿ ವ್ಯಾಪಾರಿಯ ಕೈ ಸೇರಿತು. ಅವನಿಂದಲೇ ಇನ್ನೊಂದು 4 ಪೌಂಡ್ ಕೈಗಡ. ಇದಕ್ಕೆ ಬಡ್ಡಿ, ಚಕ್ರಬಡ್ಡಿ ಅಂತ ಕೊನೆಗೆ ತೆತ್ತದ್ದು 200 ಪೌಂಡಿಗೂ ಜಾಸ್ತಿ. ಆ ಮುದುಕ ಕಚೇರಿಗೇ ಬಂದು, ಕುರ್ಚಿಯ ಹಿಂದೆ ನಿಂತು, ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದನಂತೆ: ನೀನು ಸ್ವಲ್ಪ ಟೈಮಿಗೆ ಸರಿಯಾಗಿ ನಡೆದುಕೊಂಡರೆ ಎಷ್ಟು ಚೆನ್ನಾಗಿರುತ್ತಿತ್ತು! ಮುಂದೆ ಗಡಿಯಾರಕ್ಕೆ ಹೆಸರಾದವನು ಸಮಯಪಾಲನೆಯ ಮೊದಲ ಪಾಠ ಕೇಳಿದ್ದು ಬಡ್ಡಿಯವನಿಂದ.

ಕಾದಂಬರಿಕಾರ ಆಗಬೇಕು ಅನ್ನುವ ಆಸೆ ಆಗಲೇ ಇತ್ತು. ಸಂಜೆಗಳು ಪೂರಾ ಖಾಲಿ. ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ, ಊರೂರು ಸುತ್ತುವ ಡ್ಯೂಟಿ ಇರಲಿಲ್ಲ. ಆ ಏಳು ವರ್ಷದಲ್ಲಿ ಒಂದು ಕಾದಂಬರಿಯನ್ನೂ ಆತ ಶುರು ಮಾಡಲಿಲ್ಲ. ಬದುಕಿನಲ್ಲಿ ಅತಿ ಹೆಚ್ಚು ಬಿಡುವು ಇದ್ದ ಕಾಲವೇ ಅತಿ ಕಡಿಮೆ ಬರೆದ ಕಾಲ. ಟೈಮೇ ಸಿಗುತ್ತಿಲ್ಲ ಅನ್ನುವ ನಮ್ಮ ದೂರಿನ ಎದುರು ಇದನ್ನೊಮ್ಮೆ ಇಟ್ಟು ನೋಡಬೇಕು.

ಜಾಗ ಬದಲಾಯಿತು

1841ರಲ್ಲಿ ಐರ್ಲೆಂಡಿನ ಬ್ಯಾನಗರ್ ಅನ್ನುವ ಸಣ್ಣ ಊರಿನಲ್ಲಿ ಸರ್ವೇಯರ್‌ನ (ಅಂದರೆ ಆ ಪ್ರದೇಶದ ಅಂಚೆ ಮೇಲ್ವಿಚಾರಕನ) ಗುಮಾಸ್ತನ ಹುದ್ದೆ ಖಾಲಿಯಾಯಿತು. ಅಲ್ಲಿಗೆ ಹೋಗಲು ಯಾರಿಗೂ ಇಷ್ಟ ಇರಲಿಲ್ಲ. ಟ್ರಾಲೊಪ್ ಕೈ ಎತ್ತಿದ. ಲಂಡನ್ನಿನ ಮೇಲಧಿಕಾರಿಗೆ ಪೀಡೆ ತೊಲಗಿತು ಅನ್ನುವ ಖುಷಿ. ಹೊಸ ಕಚೇರಿಗೆ ಇವನಿಗಿಂತ ಮೊದಲೇ ಒಂದು ಕಾಗದ ಹೋಗಿತ್ತು: ಈತ ಯಾವ ಪ್ರಯೋಜನಕ್ಕೂ ಇಲ್ಲ, ಬಹುಶಃ ವಜಾ ಮಾಡಬೇಕಾದೀತು ಅಂತ. ಅಲ್ಲಿನ ಅಧಿಕಾರಿ ಅದನ್ನು ಇವನಿಗೇ ಹೇಳಿ, ನಾನು ನಿನ್ನ ಕೆಲಸ ನೋಡಿಯೇ ತೀರ್ಮಾನಿಸುತ್ತೇನೆ ಅಂದ. ಒಂದು ವರ್ಷದೊಳಗೆ ಟ್ರಾಲೊಪ್ ಒಳ್ಳೆಯ ನೌಕರ ಅನ್ನಿಸಿಕೊಂಡ.

ಕಾರಣ ಹುಡುಕಿದರೆ ಗುಟ್ಟೇನೂ ಇಲ್ಲ. ಲಂಡನ್ನಿನಲ್ಲಿ ಮೇಜಿಗೆ ಅಂಟಿಕೊಂಡು ಕಾಗದ ನಕಲು ಮಾಡುವ ಕೆಲಸ. ಇಲ್ಲಿ ಕುದುರೆ ಏರಿ ಊರೂರು ಸುತ್ತುವುದು, ಪೋಸ್ಟ್‌ಮಾಸ್ಟರ್‌ಗಳ ಲೆಕ್ಕ ತಪಾಸಣೆ ಮಾಡುವುದು, ಜನರ ದೂರು ವಿಚಾರಿಸುವುದು. ಸಂಬಳ 100 ಪೌಂಡ್ ಮಾತ್ರ. ಆದರೆ ಊರು ಬಿಟ್ಟು ಹೋದ ದಿನಕ್ಕೆ 15 ಶಿಲಿಂಗ್ ಭತ್ಯೆ, ಸುತ್ತಿದ ಮೈಲಿಗೆ 6 ಪೆನ್ನಿ. ಎಲ್ಲ ಖರ್ಚು ಕಳೆದು ವರಮಾನ 400 ಪೌಂಡಿಗೆ ಏರಿತು. ಸಾಲದ ಭಯ ಹೋಯಿತು. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತಿತ್ತು. 1844ರಲ್ಲಿ ರೋಸ್ ಹೆಸೆಲ್ಟಿನ್ ಜೊತೆ ಮದುವೆಯೂ ಆಯಿತು. ಕಥೆ ಬರೆಯುವ ಕೆಲಸ ಶುರುವಾದದ್ದು ಇಲ್ಲೇ, 1843ರಲ್ಲಿ.

ತನಗೆ ಶಿಸ್ತಿಲ್ಲ ಅಂತ ಬೈದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು ಅಂತ ನನಗನಿಸುತ್ತದೆ. ಬ್ಯಾನಗರ್‌ಗೆ ಹೋದವನೂ ಲಂಡನ್ನಿನ ಸೋಮಾರಿಯೇ ಅಲ್ವಾ? ಅಲ್ಲಿ ಆತನ ಗುಣವೇನೂ ರಾತ್ರೋರಾತ್ರಿ ಬದಲಾಗಲಿಲ್ಲ. ಕೆಲಸದ ಸ್ವರೂಪ ಬದಲಾಯಿತು, ಸಾಲ ತೀರಿತು, ಬೈಯುವ ಬಾಯಿ ದೂರವಾಯಿತು.

ಆದರೆ ಬರವಣಿಗೆಯ ಮಟ್ಟಿಗೆ ಇದರಿಂದಲೇ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಮೊದಲ ಮೂರು ಕಾದಂಬರಿಗಳು 1847, 1848, 1850ರಲ್ಲಿ ಬಂದವು. ಮೂರೂ ಬಿದ್ದವು.

ರೈಲಿನಲ್ಲಿ ಒಂದು ಹಲಗೆ

1851ರಿಂದ ಎರಡು ವರ್ಷ ಆತನಿಗೆ ಇನ್ನೊಂದು ಬಗೆಯ ಡ್ಯೂಟಿ ಬಿತ್ತು. ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳ ಹಳ್ಳಿಹಳ್ಳಿಗೂ ಕಾಗದ ತಲುಪುವ ಏರ್ಪಾಡು ಮಾಡುವುದು. ಒಬ್ಬ ಅಂಚೆಯವನಿಗೆ ದಿನಕ್ಕೆ 16 ಮೈಲಿಗಿಂತ ಜಾಸ್ತಿ ನಡೆಸಬಾರದು ಅನ್ನುವುದು ನಿಯಮ. ಅವನು ನಡೆಯುವ ದಾರಿ ಎಷ್ಟು, ಎಷ್ಟು ಹೊತ್ತು ಬೇಕು, ಎಲ್ಲಿ ಅಡ್ಡದಾರಿ ಇದೆ ಅಂತ ಟ್ರಾಲೊಪ್ ಕುದುರೆ ಮೇಲೆ ಕೂತು ಅಳೆಯುತ್ತಿದ್ದ. ಕೆಲವು ದಿನ 40 ಮೈಲಿ ಸವಾರಿ. ಇದೇ ಅವಧಿಯಲ್ಲಿ ಚಾನಲ್ ದ್ವೀಪಗಳಿಗೂ ಹೋದ. ಅಲ್ಲಿ ಟಪಾಲು ಹಡಗು ಹೊರಡುವ ಸಮಯ ಗಾಳಿ ಮತ್ತು ಅಲೆಯ ಮೇಲೆ ನಿಂತಿತ್ತು. ಜನ ಕಾಗದ ಹಿಡಿದು ಅಂಚೆ ಕಚೇರಿಗೆ ಓಡಬೇಕು. ಬೀದಿಯಲ್ಲೇ ಕಂಬದಂಥ ಪೆಟ್ಟಿಗೆ ನಿಲ್ಲಿಸಿದರೆ ಹೇಗೆ ಅಂತ ಸೂಚಿಸಿದ. 1852ರ ಕೊನೆಯಲ್ಲಿ ಜರ್ಸಿ ದ್ವೀಪದ ಸೇಂಟ್ ಹೆಲಿಯರ್‌ನಲ್ಲಿ ಅಂಥ ನಾಲ್ಕು ಪೆಟ್ಟಿಗೆಗಳು ಬಂದವು. ಬ್ರಿಟನ್ನಿನ ಬೀದಿ ಅಂಚೆಪೆಟ್ಟಿಗೆಯ ಕಥೆ ಅಲ್ಲಿಂದ ಶುರು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಬೇರೆಯವರ ನಡಿಗೆಯನ್ನು ಮೈಲಿ, ನಿಮಿಷಗಳಲ್ಲಿ ಅಳೆದೂ ಅಳೆದೂ ಆತನಿಗೆ ಒಂದು ಅಭ್ಯಾಸ ಬಂದಿರಬೇಕು ಅಂತ ನನ್ನ ಊಹೆ. ಆಮೇಲೆ ಅದೇ ಅಳತೆಕೋಲನ್ನು ತನ್ನ ಮೇಲೇ ಇಟ್ಟುಕೊಂಡ. ಬರವಣಿಗೆಯ ಶಿಸ್ತಿಗೂ ಅಂಚೆ ಕೆಲಸಕ್ಕೂ ಜಗಳ ಇತ್ತು ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಮೊದಲನೆಯದು ಎರಡನೆಯದರಿಂದಲೇ ಬಂದದ್ದು.

ತಕ್ಷಣಕ್ಕಂತೂ ಈ ಸುತ್ತಾಟ ಬರವಣಿಗೆಯನ್ನು ನಿಲ್ಲಿಸಿತು. ‘ದಿ ವಾರ್ಡನ್’ ಅನ್ನುವ ಚಿಕ್ಕ ಕಾದಂಬರಿ ಶುರುವಾದದ್ದು 1852ರಲ್ಲಿ, ಅಚ್ಚಾದದ್ದು 1855ರಲ್ಲಿ. ಅದರಿಂದ ಕೈಗೆ ಬಂದದ್ದು ಸುಮಾರು 20 ಪೌಂಡ್. ಕಲ್ಲು ಒಡೆದಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಅಂತ ಆತನೇ ಗೊಣಗಿದ್ದಾನೆ.

ಮುಂದಿನದು ‘ಬಾರ್ಚೆಸ್ಟರ್ ಟವರ್ಸ್’. ಅದನ್ನು ಬರೆಯುವ ಹೊತ್ತಿಗೆ ಒಂದು ವಿಷಯ ಹೊಳೆಯಿತು: ನನ್ನ ಆಯುಷ್ಯದ ಎಷ್ಟೊಂದು ಗಂಟೆ ರೈಲು ಡಬ್ಬಿಯಲ್ಲೇ ಹೋಗುತ್ತಿದೆ! ಓದಬಹುದಿತ್ತು. ಆದರೆ ಬರೆದೇ ದುಡಿಯಬೇಕು ಅಂದಮೇಲೆ ಓದಿ ಏನು ಪ್ರಯೋಜನ? ತೊಡೆ ಮೇಲೆ ಇಟ್ಟುಕೊಳ್ಳುವಂಥ ಸಣ್ಣ ಬರೆಯುವ ಹಲಗೆ ಮಾಡಿಸಿಕೊಂಡ. ಕುಲುಕಾಟಕ್ಕೆ ಶಾಯಿ ಆಗುವುದಿಲ್ಲ, ಹಾಗಾಗಿ ಪೆನ್ಸಿಲ್. ಕೆಲವೇ ದಿನದಲ್ಲಿ ಮೇಜಿನಷ್ಟೇ ವೇಗದಲ್ಲಿ ರೈಲಿನಲ್ಲೂ ಬರೆಯುವುದು ಸಾಧ್ಯವಾಯಿತು. ಆತನಿಗಿದ್ದ ಒಂದೇ ಸಂಕೋಚ ಅಂದರೆ, ಎದುರಿಗೆ ಕೂತ ನಾಲ್ಕೈದು ಜನ ಇವನೇನೋ ದೊಡ್ಡ ಸಾಹಿತಿ ಅಂತ ತೋರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡರೆ ಅನ್ನುವುದು. ಅದೂ ಆಮೇಲೆ ಅಭ್ಯಾಸವಾಯಿತು. ಪಾಸ್ ತೆಗೆದುಕೊಂಡು ದಿನಾ ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡುವವರಿಗೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ. ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತವರಿಗೆ ಮಾತ್ರ ಇದು ಬರೀ ಉಪದೇಶ. ಟ್ರಾಲೊಪ್‌ಗೆ ಕೂರಲು ಸೀಟಿತ್ತು.

ಇನ್ನೊಂದು ವಿಷಯ. ಆ ಪೆನ್ಸಿಲ್ ಗೀಚನ್ನು ಶಾಯಿಯಲ್ಲಿ ಪ್ರತಿ ಮಾಡಿಕೊಟ್ಟವಳು ಹೆಂಡತಿ ರೋಸ್. ಅದು ಟ್ರಾಲೊಪ್‌ನ ಉಳಿತಾಯ. ರೋಸ್‌ಳ ಗಂಟೆಗಳು ಯಾವ ಲೆಕ್ಕದಲ್ಲೂ ಇಲ್ಲ.

ಪುಟದ ಲೆಕ್ಕ, ಗಂಟೆಯ ಲೆಕ್ಕವಲ್ಲ

ಈಗ ಪ್ರಸಿದ್ಧವಾದ ಭಾಗಕ್ಕೆ ಬರೋಣ. ಹೊಸ ಕಾದಂಬರಿ ಶುರು ಮಾಡುವಾಗ ಟ್ರಾಲೊಪ್ ಒಂದು ದಿನಚರಿ ಸಿದ್ಧಮಾಡುತ್ತಿದ್ದ. ವಾರ ವಾರಕ್ಕೆ ಗೆರೆ ಎಳೆದು ಭಾಗ ಮಾಡುವುದು. ಪ್ರತಿ ದಿನದ ಎದುರು ಅಂದು ಬರೆದ ಪುಟಗಳ ಸಂಖ್ಯೆ. ಒಂದು ಪುಟ ಅಂದರೆ 250 ಪದ. ಕಾವಲು ಹಾಕದಿದ್ದರೆ ಪುಟದ ಅಳತೆ ತನಗೆ ತಾನೇ ಸಡಿಲವಾಗುತ್ತದೆ ಅಂತ ಗೊತ್ತಿದ್ದುದರಿಂದ ಪದಗಳನ್ನೂ ಎಣಿಸುತ್ತಿದ್ದ. ಎರಡು ದಿನ ಸೋಮಾರಿತನ ಮಾಡಿದರೆ ಆ ಖಾಲಿ ಜಾಗ ಮುಖಕ್ಕೆ ರಾಚುತ್ತಿತ್ತು. ಈ ದಿನಚರಿಗಳು ಈಗಲೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ.

ಗಮನಿಸಬೇಕಾದದ್ದು, ಆತ ದಾಖಲಿಸಿದ್ದು ಕೂತ ಗಂಟೆಗಳನ್ನಲ್ಲ, ಕೈಯಿಂದ ಹೊರಬಂದದ್ದನ್ನು. ನಮ್ಮ ಇವತ್ತಿನ ಎಷ್ಟೋ ಆ್ಯಪ್‌ಗಳು ಇದನ್ನು ತಲೆಕೆಳಗೆ ಮಾಡಿಬಿಟ್ಟಿವೆ. ಎಷ್ಟು ಹೊತ್ತು ಏಕಾಗ್ರತೆಯಿಂದ ಕೂತಿದ್ದೆ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತವೆ. ಮೂರು ಗಂಟೆ ಕೂತು ಒಂದು ಪ್ಯಾರಾ ತಿದ್ದಿದರೂ ಶಭಾಷ್ ಅನ್ನುತ್ತವೆ. ಟ್ರಾಲೊಪ್‌ನ ಪುಸ್ತಕ ಆ ಶಭಾಷ್ ಕೊಡುವುದಿಲ್ಲ.

ಇನ್ನು ಆ 250 ಪದದ ವೇಗ. ಬೆಳಗ್ಗೆ ಮೂರು ಗಂಟೆ ಕೆಲಸ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಉಳಿದ ಎರಡೂವರೆ ಗಂಟೆಯಲ್ಲಿ ಹತ್ತು ಕಾಲು ಗಂಟೆಗಳಿವೆ. ಹತ್ತು ಪುಟ, 2500 ಪದ. ವಾರಕ್ಕೆ 70 ಪುಟ ಆಗಬೇಕು. ಆದರೆ ಆತನೇ ಹೇಳಿಕೊಂಡ ಸರಾಸರಿ ವಾರಕ್ಕೆ ಸುಮಾರು 40 ಪುಟ! ಕಡಿಮೆ ಅಂದರೆ 20ಕ್ಕೆ ಇಳಿದದ್ದಿದೆ, ಜಾಸ್ತಿ ಅಂದರೆ 112ಕ್ಕೆ ಏರಿದ್ದಿದೆ.

ಈ 40 ಅನ್ನುವ ಅಂಕಿ ಯಾರೂ ಹಂಚಿಕೊಳ್ಳುವುದಿಲ್ಲ, ಆದರೆ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಉಪಯುಕ್ತ ಅನ್ನಿಸಿದ್ದು ಅದೇ. ಕಾಲು ಗಂಟೆಗೆ 250 ಪದ ಅನ್ನುವುದು ಆತನ ಪೂರ್ಣ ವೇಗ. ವಾರದ ಲೆಕ್ಕದಲ್ಲಿ ಆತ ಪೂರ್ಣ ವೇಗದ ನಾಲ್ಕು ದಿನಗಳಷ್ಟು ಮಾತ್ರ ಮಾಡುತ್ತಿದ್ದ. ಉಳಿದದ್ದು ಪ್ರಯಾಣ, ಇಲಾಖೆಯ ತುರ್ತು, ಜ್ವರ, ನೆಂಟರು, ಬೇಟೆ. ಅಂದರೆ ಆ ವಿಧಾನದೊಳಗೇ ಸೋಲಿಗೆ ಜಾಗ ಇತ್ತು. ಏಳು ದಿನವೂ ಗರಿಷ್ಠ ಮಾಡುತ್ತೇನೆ ಅಂತ ಹೊರಡುವವರು ಟ್ರಾಲೊಪ್‌ನನ್ನು ಅನುಸರಿಸುತ್ತಿಲ್ಲ. ಟ್ರಾಲೊಪ್ ಹಾಗೆ ಮಾಡಲೇ ಇಲ್ಲ.

ಮೂರು ಗಂಟೆ ಮೀರಿ ಬರೆಯುವುದೂ ಬೇಡ ಅನ್ನುವುದು ಆತನ ಅಭಿಪ್ರಾಯ. ಆದರೆ ಆ ಮೂರು ಗಂಟೆಯಲ್ಲಿ ಪೆನ್ನು ಕಚ್ಚುತ್ತಾ ಗೋಡೆ ನೋಡುವ ಹಾಗಿಲ್ಲ. ಅದಕ್ಕೆ ಯೋಚನೆ ಮೊದಲೇ ಆಗಿರಬೇಕು. ಅದು ಯಾವಾಗ ಆಗುತ್ತಿತ್ತು? ಕುದುರೆ ಮೇಲೆ, ನಡಿಗೆಯಲ್ಲಿ, ಕಾಡುಮೇಡು ಅಲೆಯುವಾಗ. ಶಾಲೆಯಲ್ಲಿ ಜೊತೆಗಾರರಿಲ್ಲದ ಬಡ ಹುಡುಗನಾಗಿದ್ದಾಗಿನಿಂದಲೂ ಒಂದೇ ಹಗಲುಗನಸನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸಿಕೊಂಡು ಹೋಗುವುದು ಆತನ ಅಭ್ಯಾಸ. ಹಾಗಾಗಿ ದಿನಕ್ಕೆ ಮೂರೇ ಗಂಟೆ ಕೆಲಸ ಅನ್ನುವುದೂ ಅರ್ಧ ಸತ್ಯವೇ. ಕಾಣದ ಕೆಲಸ ಉಳಿದ ಹೊತ್ತಿನಲ್ಲಿ ನಡೆಯುತ್ತಿತ್ತು. ಆ ಹೊತ್ತನ್ನು ಆತ ಬೇರೆ ಯಾವುದಕ್ಕೂ ಕೊಟ್ಟಿರಲಿಲ್ಲ. ಈಗ ನಮ್ಮ ನಡಿಗೆಯ ಹೊತ್ತಿಗೆ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ.

ವರ್ಷಕ್ಕೆ ಐದು ಪೌಂಡ್

1859ರಲ್ಲಿ ಲಂಡನ್ನಿಗೆ ಹತ್ತಿರದ ವಾಲ್ಥಮ್ ಕ್ರಾಸ್‌ನಲ್ಲಿ ಮನೆ ಮಾಡಿದ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಇರಬೇಕು ಅನ್ನುವ ನಿಯಮ ಅಲ್ಲಿನದು. ಕುದುರೆ ನೋಡಿಕೊಳ್ಳುವ ಹಳೆಯ ಆಳು ಒಬ್ಬನಿದ್ದ. ಬೆಳಗ್ಗೆ ಕಾಫಿ ತಂದು ಎಬ್ಬಿಸುವುದು ಅವನ ಹೆಚ್ಚುವರಿ ಕೆಲಸ, ಅದಕ್ಕೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಕೂಲಿ. ಆ ಮನೆಯಲ್ಲಿದ್ದಷ್ಟು ವರ್ಷವೂ ಕಾಫಿ ಒಂದು ದಿನ ತಡವಾಗಲಿಲ್ಲ. ನನ್ನ ಯಶಸ್ಸಿಗೆ ಉಳಿದ ಯಾರಿಗಿಂತಲೂ ಇವನಿಗೇ ಹೆಚ್ಚು ಋಣಿ ಅನ್ನಬೇಕೇನೋ ಅಂತ ಟ್ರಾಲೊಪ್ ಮುಂದೆ ಬರೆದ.

ಇದು ಬರೀ ವಿನಯದ ಮಾತಲ್ಲ. ಲಂಡನ್ನಿನ ಆ ಏಳು ವರ್ಷ ಆತನಿಗೆ ಒಂದು ವಿಷಯ ಚೆನ್ನಾಗಿ ಕಲಿಸಿತ್ತು: ತನ್ನ ಮನಸ್ಸನ್ನು ನಂಬಬಾರದು. ಹಾಗಾಗಿ ಏಳುವ ಜವಾಬ್ದಾರಿಯನ್ನು ಇನ್ನೊಬ್ಬನ ಕೈಗೆ ಕೊಟ್ಟ. ಬಾಗಿಲಲ್ಲಿ ಕಾಫಿ ಹಿಡಿದು ನಿಂತ ಮುದುಕನ ಎದುರು ಮಗ್ಗುಲು ಬದಲಿಸಿ ಮಲಗುವುದು ಕಷ್ಟ. ವೇಗದ ಜವಾಬ್ದಾರಿ ಗಡಿಯಾರದ್ದು, ನೆನಪಿಡುವ ಜವಾಬ್ದಾರಿ ದಿನಚರಿಯದ್ದು. ಎಲ್ಲವೂ ತನ್ನ ಹೊರಗೆ. ಸ್ಫೂರ್ತಿಗಾಗಿ ಕಾಯುತ್ತೇನೆ ಅನ್ನುವ ಬರಹಗಾರರನ್ನು ಕಂಡರೆ ಆತನಿಗೆ ನಗು. ಕುರ್ಚಿಗೆ ಚಮ್ಮಾರರ ಅಂಟುಮೇಣ ಹಚ್ಚಿಕೊಂಡು ಕೂರುವುದೇ ಪುಸ್ತಕ ಬರೆಯುವ ದಾರಿ ಅಂತ ಯಾರೋ ಹೇಳಿದ್ದನ್ನು ಸಂತೋಷದಿಂದ ಒಪ್ಪಿಕೊಂಡಿದ್ದ.

ಆದರೆ ಆ ಮುದುಕನನ್ನು ಎಬ್ಬಿಸುತ್ತಿದ್ದವರು ಯಾರು? ಒಲೆ ಹಚ್ಚಿ, ಕಾಫಿ ಕಾಯಿಸಲು ಅವನು ಎಷ್ಟು ಗಂಟೆಗೆ ಏಳಬೇಕಿತ್ತು? ಅದು ಯಾವ ದಿನಚರಿಯಲ್ಲೂ ಇಲ್ಲ. ನಮ್ಮ ಮನೆಗಳಲ್ಲೂ ಐದಕ್ಕೆ ಎದ್ದು ಓದುವ ಹುಡುಗ, ವಾಕಿಂಗ್ ಹೋಗುವ ಯಜಮಾನ ಶಿಸ್ತಿನವರು. ಅವರಿಗಿಂತ ಮೊದಲೇ ಎದ್ದು ಹಾಲು ಕಾಯಿಸಿದ ಹೆಂಗಸಿಗೆ ಆ ಬಿರುದು ಯಾರೂ ಕೊಡುವುದಿಲ್ಲ.

ಬಿರುದು ಕೊಡಬೇಕಾದ ಹೆಂಗಸು ಟ್ರಾಲೊಪ್‌ನ ಮನೆಯಲ್ಲೇ ಇದ್ದಳು. ತಾಯಿ ಫ್ರಾನ್ಸಿಸ್. ಸಂಸಾರ ಮುಳುಗುತ್ತಿದ್ದಾಗ, ಐವತ್ತು ದಾಟಿದ ಮೇಲೆ, ತನ್ನ ಮೊದಲ ಪುಸ್ತಕ ಬರೆದಳು, ಅಮೆರಿಕದ ಬಗ್ಗೆ. 1832ರಲ್ಲಿ ಬಂದ ಆ ಪುಸ್ತಕ ಹೆಸರು ಮಾಡಿತು. ಬ್ರೂಜ್‌ಗೆ ಓಡಿಹೋದ ಮೇಲೆ ಮನೆಯಲ್ಲಿ ಮೂವರು ರೋಗಿಗಳು: ಗಂಡ, ಮಗ ಹೆನ್ರಿ, ಮಗಳು ಎಮಿಲಿ. ಒಂದೇ ಕೋಣೆಯಲ್ಲಿ ಔಷಧಿ ಸೀಸೆ, ಶಾಯಿ ಸೀಸೆ. ಹಗಲಿಡೀ ಆರೈಕೆ ಮಾಡಿ, ರಾತ್ರಿ ಎಚ್ಚರವಿದ್ದು, ನಡುವೆ ಕಾದಂಬರಿ ಬರೆದು ಮನೆ ನಡೆಸಿದಳು. ಸುಮಾರು ಹದಿನಾಲ್ಕು ತಿಂಗಳ ಅವಧಿಯಲ್ಲಿ ಆ ಮೂವರೂ ಒಬ್ಬೊಬ್ಬರಾಗಿ ತೀರಿಕೊಂಡರು. ಬರವಣಿಗೆ ನಿಲ್ಲಲಿಲ್ಲ. ಬೆಳಗಿನ ನಾಲ್ಕಕ್ಕೆ ಮೇಜಿನ ಮುಂದೆ ಕೂತು, ಮನೆಮಂದಿ ಏಳುವುದರೊಳಗೆ ಅಂದಿನ ಬರವಣಿಗೆ ಮುಗಿಸುವುದು ಆಕೆಯ ರೀತಿ. ಒಟ್ಟು 114 ಸಂಪುಟ ಬರೆದಳು ಅಂತ ಮಗನೇ ಲೆಕ್ಕ ಕೊಟ್ಟಿದ್ದಾನೆ. ಐದೂವರೆಯ ನಿಯಮ ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಾಗಿಲ್ಲ. ತಾಯಿಗಿಂತ ಒಂದೂವರೆ ಗಂಟೆ ತಡವಾಗಿ ಎದ್ದ ಮಗ ಸಮಯ ನಿರ್ವಹಣೆಯ ಉದಾಹರಣೆಯಾಗಿ ಉಳಿದ. ಆಕೆಯ ಹೆಸರು ಆ ಪಟ್ಟಿಗಳಲ್ಲಿ ಕಾಣುವುದು ಅಪರೂಪ.

ಹಡಗಿನಲ್ಲಿ, ಈಜಿಪ್ಟಿನಲ್ಲಿ

ನಿಯಮ ಮನೆಯಲ್ಲಿ ನಡೆಯುವುದು ಒಂದು, ಹೊರಗೆ ನಡೆಯುವುದು ಇನ್ನೊಂದು. 1858ರಲ್ಲಿ ಇಲಾಖೆ ಆತನನ್ನು ಈಜಿಪ್ಟಿಗೆ ಕಳಿಸಿತು. ಸೂಯೆಜ್ ಕಾಲುವೆ ಆಗ ಇರಲಿಲ್ಲ. ಇಂಡಿಯಾ, ಆಸ್ಟ್ರೇಲಿಯಾಗಳಿಗೆ ಹೋಗುವ ಟಪಾಲು ಅಲೆಗ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ದಾಟಿ, ಸೂಯೆಜ್‌ನಲ್ಲಿ ಮತ್ತೆ ಹಡಗು ಏರಬೇಕು. ಅದನ್ನು ರೈಲಿನಲ್ಲಿ ಸಾಗಿಸಲು ಅಲ್ಲಿನ ಸರ್ಕಾರದ ಜೊತೆ ಒಪ್ಪಂದ ಮಾಡಿಸುವುದು ಕೆಲಸ. ಮಾತುಕತೆ ಸಿಕ್ಕಿಬಿದ್ದದ್ದು ಸಮಯದ ಮೇಲೆಯೇ. ಅವರು 48 ಗಂಟೆ ಬೇಕು ಅಂದರು, ಈತ 24 ಗಂಟೆಯೇ ಅಂದ. ಪಟ್ಟು ಹಿಡಿದು ಗೆದ್ದ. ನಮ್ಮ ಕಡೆಗೆ ಬರುತ್ತಿದ್ದ ಕಾಗದಗಳ ದಾರಿಯಲ್ಲಿ ಈ ಮನುಷ್ಯನ ಕೈಯೂ ಇತ್ತು.

ಅದೇ ಪ್ರಯಾಣದಲ್ಲಿ ‘ಡಾಕ್ಟರ್ ಥಾರ್ನ್’ ಬರೆಯುತ್ತಿದ್ದ. ಫೆಬ್ರವರಿಯ ಕೆಟ್ಟ ಸಮುದ್ರ. ಕ್ಯಾಬಿನ್ನಿನ ಮೇಜಿನ ಮೇಲೆ ಕಾಗದ ಬಿಟ್ಟು ಓಡಿಹೋಗಿ ವಾಂತಿ ಮಾಡಿ, ಮತ್ತೆ ಬಂದು ಕೂತದ್ದು ಒಂದೆರಡು ಸಲವಲ್ಲ. ಈಜಿಪ್ಟಿನಲ್ಲಿ ಒಂದು ದಿನ ಆ ಕಾದಂಬರಿ ಮುಗಿಯಿತು. ಮರುದಿನವೇ ಇನ್ನೊಂದನ್ನು ಶುರು ಮಾಡಿದ. ಇದನ್ನು ಆತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇಲ್ಲಿ ನನಗೆ ಸ್ವಲ್ಪ ತಕರಾರಿದೆ. ವಾಂತಿಯ ನಡುವೆಯೂ ಬರೆಯುವುದು ಶಿಸ್ತೋ, ನಿಲ್ಲಿಸಿದರೆ ಹಳೆಯ ಸೋಮಾರಿ ಎದ್ದು ಬರುತ್ತಾನೆ ಅನ್ನುವ ಭಯವೋ? ಎರಡೂ ಇರಬಹುದು.

1867ರಲ್ಲಿ ಇಲಾಖೆಗೆ ರಾಜೀನಾಮೆ ಕೊಟ್ಟ. ಮೂರು ವರ್ಷ ಹಿಂದೆ ಬಡ್ತಿ ಕೈತಪ್ಪಿದ ನೋವು ಇತ್ತು. ಆದರೂ ಸಿಟ್ಟಿನಲ್ಲಿ ಬಿಡಲಿಲ್ಲ. ಅರವತ್ತಕ್ಕೆ ಮೊದಲು ಬಿಟ್ಟರೆ ಪೆನ್ಶನ್ ಇಲ್ಲ. ಆ ಪೆನ್ಶನ್ನಿನಷ್ಟು ಆದಾಯ ತರುವ ಉಳಿತಾಯ ಆಗುವವರೆಗೂ ಕಾದ. 1879ರ ವರೆಗಿನ ಬರವಣಿಗೆಯ ಒಟ್ಟು ಸಂಪಾದನೆ 68,939 ಪೌಂಡ್, 17 ಶಿಲಿಂಗ್, 5 ಪೆನ್ನಿ. ಆ 5 ಪೆನ್ನಿಯನ್ನೂ ಆತ ಬಿಡಲಿಲ್ಲ. ವಾರಕ್ಕೆರಡು ಮೂರು ಸಲ ಬೇಟೆ, ಕ್ಲಬ್ಬಿನಲ್ಲಿ ಇಸ್ಪೀಟು, ಊಟಕ್ಕೆ ಗೆಳೆಯರು, ಇದ್ಯಾವುದನ್ನೂ ಕೈಬಿಟ್ಟವನಲ್ಲ. ಎಂಟೂವರೆಗೆ ಸ್ವಂತ ಕೆಲಸ ಮುಗಿದಿದ್ದರೆ ಉಳಿದ ದಿನವನ್ನು ಅಪರಾಧಭಾವ ಇಲ್ಲದೆ ಬೇರೆಯವರಿಗೆ ಕೊಡಬಹುದು. ಇದೊಂದು ದೊಡ್ಡ ಸುಖ.

ಬೆಲೆಯನ್ನೂ ತೆತ್ತ. ಮಾರುಕಟ್ಟೆಗೆ ಜಾಸ್ತಿ ಸುರಿಯುತ್ತಿದ್ದಾನೆ ಅನ್ನುವ ದೂರು ಬದುಕಿರುವಾಗಲೇ ಇತ್ತು. ಸತ್ತ ಮರುವರ್ಷ, 1883ರಲ್ಲಿ, ಆತ್ಮಕಥೆ ಹೊರಬಂತು. ಗಡಿಯಾರ, ಪುಟದ ಲೆಕ್ಕ, ಪೌಂಡು ಪೆನ್ನಿ ಎಲ್ಲ ಅದರಲ್ಲಿ ಬಿಚ್ಚಿಟ್ಟಿದ್ದ. ಕಲೆ ಅಂದರೆ ಹೀಗಾ ಅಂತ ಓದುಗರು ಮೂಗು ಮುರಿದರು, ಹೆಸರಿಗೆ ಬಹುಕಾಲ ಕಪ್ಪು ಬಿತ್ತು. ವಿಚಿತ್ರ ಅಂದರೆ, ಅದೇ ಲೆಕ್ಕಗಳಿಗಾಗಿ ಈಗ ಜನ ಆತನನ್ನು ಹೊಗಳುತ್ತಾರೆ. ಎಲ್ಲ ಕಾದಂಬರಿಯೂ ಚೆನ್ನಾಗಿಲ್ಲ ಅನ್ನುವುದು ನಿಜ. ಎಣಿಕೆಯಲ್ಲಿ ಪುಟ ಬರುತ್ತದೆ, ಪುಟದ ಗುಣ ಬರುವುದಿಲ್ಲ.

ಬೀಗ ಹಾಕಿದ ಪೆಟ್ಟಿಗೆ

ಜನ ಅಷ್ಟಾಗಿ ಮಾತಾಡದ, ಆದರೆ ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುವ ನಿಯಮ ಇನ್ನೊಂದಿದೆ. ಆ ಕಾಲದಲ್ಲಿ ಕಾದಂಬರಿಗಳು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದವು. ಈ ತಿಂಗಳ ಕಂತು ಈ ತಿಂಗಳೇ ಬರೆಯುವ ಲೇಖಕರು ಬೇಕಾದಷ್ಟಿದ್ದರು. ಟ್ರಾಲೊಪ್ ಹಾಗಲ್ಲ. ಪೂರ್ತಿ ಮುಗಿಯುವವರೆಗೆ ಮೊದಲ ಕಂತು ಅಚ್ಚಿಗೆ ಹೋಗಬಾರದು. 1859ರಲ್ಲಿ ‘ಫ್ರಾಮ್ಲಿ ಪಾರ್ಸನೇಜ್’ ಕಾದಂಬರಿಗೆ 1000 ಪೌಂಡಿನ ಕರೆ ಬಂದಾಗ ಒಮ್ಮೆ ಈ ನಿಯಮ ಮುರಿದ. ಆಮೇಲೆ ಎರಡು ದಶಕ ಮುರಿಯಲಿಲ್ಲ.

ಗಡುವಿನ ಒತ್ತಡ ಇದ್ದರೇ ಕೆಲಸ ಆಗುವುದು ಅನ್ನುವವರಿದ್ದಾರೆ. ನಮ್ಮಲ್ಲಿ ಮಾರ್ಚ್ ಕೊನೆಯ ವಾರದ ಸರ್ಕಾರಿ ಕಚೇರಿ ನೋಡಿದವರಿಗೆ ಅದು ಎಂಥ ಕೆಲಸ ಅಂತ ಗೊತ್ತು. ಟ್ರಾಲೊಪ್ ಗಡುವನ್ನು ತಾನೇ ಹಾಕಿಕೊಳ್ಳುತ್ತಿದ್ದ, ಬೇರೆಯವರ ಗಡುವಿಗಿಂತ ತಿಂಗಳುಗಟ್ಟಲೆ ಮುಂದೆ. ಜ್ವರ ಬಂದರೆ, ಇಲಾಖೆ ಎಲ್ಲೋ ಕಳಿಸಿದರೆ, ಪೆಟ್ಟಿಗೆಯಲ್ಲಿ ದಾಸ್ತಾನು ಇರುತ್ತಿತ್ತು. ವಾರಕ್ಕೆ 20 ಪುಟಕ್ಕೆ ಇಳಿದರೂ ಆಕಾಶ ಬೀಳದಿರಲು ಇದೇ ಕಾರಣ. ಬೆಳಗ್ಗೆ ಏಳುವುದಕ್ಕಿಂತ ಇದು ಕಲಿಯಲು ಕಷ್ಟ ಅನ್ನಿಸುತ್ತದೆ. ಯಾಕೆಂದರೆ ಮುಗಿಸಿಟ್ಟ ಕೆಲಸಕ್ಕೆ ಅವತ್ತೇ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

1871ರಲ್ಲಿ ಮಗ ಫ್ರೆಡರಿಕ್‌ನನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೊರಟ. ಹಡಗಿನ ಹೆಸರು ‘ಗ್ರೇಟ್ ಬ್ರಿಟನ್’. ಒಂದು ಕಾದಂಬರಿಯನ್ನು ಪೂರ್ತಿಯಾಗಿ ಸಂಪಾದಕರ ಕೈಗೆ ಕೊಟ್ಟು, ಇನ್ನೆರಡನ್ನು ಮನೆಯಲ್ಲಿ ಸಿದ್ಧ ಇಟ್ಟು ಹೊರಟಿದ್ದ. ಹಡಗು ಮುಳುಗಿದರೂ ಕೆಲವು ವರ್ಷ ನನ್ನ ಹೆಸರಿನಲ್ಲಿ ಹೊಸ ಪುಸ್ತಕ ಬರುತ್ತಿರುತ್ತದೆ ಅಂತ ತಮಾಷೆಯಾಗಿಯೇ ಹೇಳಿಕೊಂಡ. ಕ್ಯಾಬಿನ್ನಿನಲ್ಲಿ ಬರೆಯುವ ಮೇಜು ಹಾಕಿಸಿಕೊಂಡಿದ್ದ. ಎಂಟು ವಾರ, ವಾರಕ್ಕೆ 66 ಪುಟ. ಕಾಯಿಲೆಯಿಂದ ತಪ್ಪಿದ್ದು ಒಂದೇ ದಿನ. ಇಳಿಯುವ ಹೊತ್ತಿಗೆ ‘ಲೇಡಿ ಆನಾ’ ಮುಗಿದಿತ್ತು.

ಕೊನೆಯ ವರ್ಷಗಳಲ್ಲಿ ಬರೆಯುವ ಕೈ ಸೋತಿತು. ಸೋದರಸೊಸೆ ಫ್ಲಾರೆನ್ಸ್ ಬ್ಲಾಂಡ್ ಪಕ್ಕದಲ್ಲಿ ಕೂತು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. 1882ರಲ್ಲಿ ಐರ್ಲೆಂಡಿನ ಭೂ ಹೋರಾಟದ ಮೇಲೆ ‘ದಿ ಲ್ಯಾಂಡ್‌ಲೀಗರ್ಸ್’ ಶುರು ಮಾಡಿದ. ಅದಕ್ಕಾಗಿ ಅದೇ ವರ್ಷ ಎರಡು ಸಲ ಐರ್ಲೆಂಡಿಗೆ ಹೋಗಿ ಬಂದ. 60 ಅಧ್ಯಾಯದ ಯೋಜನೆ. ಮುಗಿಯುವ ಮೊದಲೇ ವಾರಪತ್ರಿಕೆಯೊಂದಕ್ಕೆ ಕೊಟ್ಟ, ನಿಯಮ ಎರಡನೇ ಸಲ ಮುರಿಯಿತು. ನವೆಂಬರ್ 3ರಂದು ಪಾರ್ಶ್ವವಾಯು ಹೊಡೆಯಿತು. ಡಿಸೆಂಬರ್ 6ರಂದು ತೀರಿಕೊಂಡ. ಕಾದಂಬರಿ 49ನೇ ಅಧ್ಯಾಯದ ನಡುವೆ ನಿಂತಿತ್ತು. ಪತ್ರಿಕೆ ಇದ್ದಷ್ಟನ್ನು ಹಾಕಿತು, ಟ್ರಾಲೊಪ್‌ನ ಮಗ ಹೆನ್ರಿ (ತೀರಿಹೋದ ಅಣ್ಣನ ಹೆಸರೇ ಇವನಿಗೂ) ಒಂದು ಟಿಪ್ಪಣಿ ಸೇರಿಸಿದ. ಪೂರ್ತಿ ಮುಗಿಸಿ ಇಟ್ಟಿದ್ದ ಇನ್ನೊಂದು ಕಾದಂಬರಿ 1884ರಲ್ಲಿ ಬಂತು.